ನೂತನ ತರಬೇತುದಾರನ ಮೊದಲ ಗೆಲವುಗಳು: ಒಂದು ವಿವೇಚನೆ

ಹೊಸ ಅರಸನು ಪಟ್ಟಕ್ಕೆ ಬಂದ ವರ್ಷ ಬೊಕ್ಕಸ ತುಂಬಿದ್ದರೆ, ಅದನ್ನು ತುಂಬಿದವನು ಅವನೇ ಎಂದು ಇತಿಹಾಸಕಾರನು ಕೂಡಲೆ ನಿರ್ಣಯಿಸುವುದಿಲ್ಲ. ಈ ಎಚ್ಚರವು ಅಮೆರಿಕದ ಕಾಲೇಜು ಫುಟ್‌ಬಾಲಿನ ತರಬೇತುದಾರರ ವಿಷಯದಲ್ಲಿಯೂ ಅವಶ್ಯವೆಂಬುದನ್ನು ನಾವಿಲ್ಲಿ ವಿವರಿಸಬಯಸುತ್ತೇವೆ.

ಈ ಆಟವು ನಮ್ಮಲ್ಲಿ ಪ್ರಸಿದ್ಧವಾದ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗಿಯೂ ಎಸೆದೂ ಆಡತಕ್ಕದ್ದು. ಒಂದು ತಂಡಕ್ಕೆ ವರ್ಷದಲ್ಲಿ ದೊರೆಯುವುದು ಸುಮಾರು 12 ಪಂದ್ಯಗಳು ಮಾತ್ರ. ಆದುದರಿಂದ ಎರಡು ಪಂದ್ಯಗಳ ಫಲ ಅಲ್ಪ ಅಂತರದಿಂದ ತಿರುಗಿದರೂ ಇಡೀ ವರ್ಷದ ಕೀರ್ತಿ ಬದಲಾಗುತ್ತದೆ. ಆಟಗಾರರು ವಿದ್ಯಾರ್ಥಿಗಳು, ಬಹುಕಾಲ ನಡೆದುಬಂದ ನಿಯಮದಂತೆ ಒಬ್ಬನಿಗೆ ಐದು ವರ್ಷಗಳೊಳಗೆ ನಾಲ್ಕು ಋತುಗಳ ಅವಕಾಶ. ಹೀಗಾಗಿ ಹೊಸಬನ ಮೊದಲ ತಂಡವು ಬಹುಮಟ್ಟಿಗೆ ಹಿಂದಿನವನು ಆರಿಸಿದ್ದೇ ಆಗಿರುತ್ತಿತ್ತು.

ನೋಟರ್ ಡೇಮ್ ವಿಶ್ವವಿದ್ಯಾಲಯದ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. 2002ರಲ್ಲಿ ಅಲ್ಲಿಗೆ ಬಂದ ಟೈರೋನ್ ವಿಲ್ಲಿಂಗ್‌ಹ್ಯಾಮ್ ಅವರ ತಂಡ ಮೊದಲ 8 ಪಂದ್ಯಗಳನ್ನೂ ಗೆದ್ದಿತು. ವರ್ಷದ ಕೊನೆಗೆ 10 ಗೆಲವು, 3 ಸೋಲು. ಮರುವರ್ಷ ಗೆಲವುಗಳು 5ಕ್ಕೆ ಇಳಿದವು. 2004ರ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಲಾಯಿತು. ಅವರ ಸ್ಥಾನಕ್ಕೆ ಬಂದ ಚಾರ್ಲಿ ವೈಸ್ ಅವರು 2005ರಲ್ಲಿ 7 ಪಂದ್ಯಗಳಲ್ಲಿ 5ನ್ನು ಗೆದ್ದೊಡನೆಯೇ ವಿಶ್ವವಿದ್ಯಾಲಯವು ಅವರ ಒಪ್ಪಂದವನ್ನು 2015ರವರೆಗೆ ವಿಸ್ತರಿಸಿತು. ಆದರೆ ಆ ತಂಡವನ್ನು ನಡೆಸುತ್ತಿದ್ದ ಬ್ರೇಡಿ ಕ್ವಿನ್ ವಿಲ್ಲಿಂಗ್‌ಹ್ಯಾಮ್ ಅವರ ಕಾಲದಲ್ಲಿ ಸೇರಿದ್ದವನು. ಅವನೂ ಅವನ ಸಮಕಾಲೀನರೂ ತೆರಳಿದ ಮೇಲೆ, 2007ರಲ್ಲಿ, ಫಲ 3 ಗೆಲವು, 9 ಸೋಲು. 2009ರಲ್ಲಿ ವೈಸ್ ಅವರನ್ನೂ ಬಿಡಿಸಲಾಯಿತು. ಒಪ್ಪಂದದ ಹಣವನ್ನು ಮಾತ್ರ ವಿಶ್ವವಿದ್ಯಾಲಯವು ಆಮೇಲೂ ತೆರಬೇಕಾಯಿತು.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ 1987 ಮತ್ತು 1988ರಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. 1989ರಲ್ಲಿ ಬಂದ ಬಿಲ್ ಸ್ನೈಡರ್ ಅವರಿಗೆ ಮೊದಲ ವರ್ಷ ದೊರೆತದ್ದು 1 ಗೆಲವು, 10 ಸೋಲು. ಅಷ್ಟರಿಂದಲೇ ತೀರ್ಪು ಕೊಟ್ಟಿದ್ದರೆ ದೊಡ್ಡ ಪ್ರಮಾದವಾಗುತ್ತಿತ್ತು. ಮುಂದಿನ ಎರಡು ವರ್ಷಗಳಲ್ಲಿ ಗೆಲವುಗಳು 5 ಮತ್ತು 7ಕ್ಕೆ, 1993ರಲ್ಲಿ 9ಕ್ಕೆ ಏರಿದವು.

ಹಾಗಾದರೆ ನಾಲ್ಕು ವರ್ಷ ಕಾಯುವುದೇ ಸೂತ್ರವೆ? ಇಂದು ಹಾಗೆನ್ನಲು ಬರುವುದಿಲ್ಲ. ಹಿಂದೆ ಕಾಲೇಜು ಬದಲಿಸಿದ ಆಟಗಾರನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕುಳಿತಿರಬೇಕಾಗಿತ್ತು. 2021ರ ನಿಯಮವು ಈ ತಡೆಯನ್ನು ಸಡಿಲಿಸಿತು. 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ಇಂಡಿಯಾನಾ ವಿಶ್ವವಿದ್ಯಾಲಯವು, 2024ರಲ್ಲಿ ಕರ್ಟ್ ಸಿಗ್ನೆಟಿ ಅವರ ಕೈಕೆಳಗೆ 11ನ್ನು ಗೆದ್ದಿತು. ತಾವು ಹಿಂದೆ ಇದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಅನೇಕ ಆಟಗಾರರನ್ನು ಅವರು ಕರೆತಂದಿದ್ದರು. ಸೋತ ಎರಡು ಪಂದ್ಯಗಳೂ ಆ ಋತುವಿನ ರಾಷ್ಟ್ರೀಯ ಅಂತಿಮ ಪಂದ್ಯವನ್ನಾಡಿದ ತಂಡಗಳೆದುರಿನವು. ಇಂತಹ ಗೆಲವನ್ನು ಹಿಂದಿನವರ ಸಂಪತ್ತೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದಕಾರಣ ಎಣಿಸಬೇಕಾದುದು ವರ್ಷಗಳನ್ನಲ್ಲ. ಆಡಿದವರನ್ನು ಆರಿಸಿದವರು ಯಾರು, ಎದುರಾಳಿಗಳ ಬಲವೆಷ್ಟು, ಗೆಲವಿನ ಅಂತರವೆಷ್ಟು, ಹಿರಿಯರು ತೆರಳಿದಾಗ ಅವರ ಸ್ಥಾನಕ್ಕೆ ಯಾರು ಸಿದ್ಧರಿದ್ದಾರೆ ಎಂಬ ಈ ನಾಲ್ಕನ್ನು ವಿಚಾರಿಸಬೇಕು. ಇವಕ್ಕೆ ಉತ್ತರ ದೊರೆಯುವ ಮುನ್ನ ದೀರ್ಘಾವಧಿಯ ಒಪ್ಪಂದ ಮಾಡುವುದೂ, ಕೆಲಸದಿಂದ ಬಿಡಿಸುವುದೂ ಸಮಾನವಾಗಿ ಆತುರದ ಕಾರ್ಯಗಳೆಂದು ನಮ್ಮ ಅಭಿಪ್ರಾಯ.