ಎರಡನೆಯ ಸಲ ಬಾಯಿ ಹಾಕುವ ಮುನ್ನ

ದನ ಹುಲ್ಲು ಮೇಯುತ್ತದೆಂಬುದು ಎಳೆಯ ಮಕ್ಕಳಿಗೂ ತಿಳಿದ ಸಂಗತಿ. ಮೇದ ಮೇಲೆ ಆ ಹುಲ್ಲಿನ ಗತಿ ಏನಾಯಿತೆಂದು ವಿಚಾರಿಸುವವರು ಮಾತ್ರ ವಿರಳ. ಆ ವಿರಳರಲ್ಲಿ ಒಬ್ಬನು ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಆಂದ್ರೆ ವಾಝಾಂ. ಜೀವರಸಾಯನಶಾಸ್ತ್ರವನ್ನು ಬಲ್ಲವನಾಗಿಯೂ ಒಕ್ಕಲುತನವನ್ನು ಕೈಬಿಡದ ಈತನು, ತನ್ನ ದನಗಳು ಯಾವಾಗ, ಎಲ್ಲಿ, ಎಷ್ಟು ಬಾಯಿ ಹಾಕುತ್ತವೆಂಬುದನ್ನು ಬಹುಕಾಲ ತಾಳ್ಮೆಯಿಂದ ಅವಲೋಕಿಸಿ, 1957ರಲ್ಲಿ ಹುಲ್ಲಿನ ಉತ್ಪಾದಕತೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಹುಲ್ಲುಗಾವಲನ್ನು ಕೆಡಿಸುವುದು ದನ ಮೊದಲ ಸಲ ಹಾಕಿದ ಬಾಯಲ್ಲ, ಎರಡನೆಯ ಸಲ ಹಾಕಿದ ಬಾಯಿ ಎಂಬುದೇ ಅದರ ತಿರುಳು.

ಹುಲ್ಲಿನ ಬೆಳೆಯುವ ಮೊಗ್ಗು ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡಂತೆ ಇರುವುದರಿಂದ, ಗರಿ ಕತ್ತರಿಸಿಹೋದರೂ ಅದು ಸಾಯದು; ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟ ಆಹಾರವನ್ನು ವ್ಯಯಮಾಡಿ ಹೊಸ ಗರಿಯನ್ನು ಚಾಚುತ್ತದೆ. ಆ ಗರಿ ಬಿಸಿಲುಂಡು ಬಲಿತ ಮೇಲೆಯೇ ವೆಚ್ಚವಾದ ಗಂಟು ಮರಳಿ ತುಂಬುವುದು. ಈ ಸಾಲ ತೀರುವ ಮೊದಲೇ, ಚಿಗುರಿನ ಸವಿಗೆ ಮರುಳಾದ ದನ ಅಲ್ಲಿಯೇ ಮತ್ತೆ ಬಾಯಿ ಹಾಕಿತೆಂದರೆ ಬೇರು ಸೊರಗುತ್ತದೆ, ಕಳೆ ತಲೆಯೆತ್ತುತ್ತದೆ. ಆದಕಾರಣ ದನಗಳ ಲೆಕ್ಕಕ್ಕಿಂತ ದಿನಗಳ ಲೆಕ್ಕವೇ ಮುಖ್ಯವೆಂದು ವಾಝಾಂ ಬಗೆದನು. ಗಾವಲನ್ನು ಹಲವು ತುಂಡುಗಳಾಗಿ ವಿಭಾಗಿಸಿ, ಒಂದೊಂದರಲ್ಲಿ ಮಂದೆಯನ್ನು ಮೂರು ದಿನಕ್ಕಿಂತ ಹೆಚ್ಚು ನಿಲ್ಲಿಸದೆ, ಆ ಬಳಿಕ ತನ್ನ ಸೀಮೆಯ ಹವೆಗೆ ತಕ್ಕಂತೆ ಮೇ-ಜೂನ್ ತಿಂಗಳುಗಳಲ್ಲಿ ಸುಮಾರು 18 ದಿನ, ಬೆಳವಣಿಗೆ ಕುಂದುವ ಆಗಸ್ಟ್-ಸೆಪ್ಟೆಂಬರಿನಲ್ಲಿ ಸುಮಾರು 36 ದಿನ ಅದಕ್ಕೆ ವಿಶ್ರಾಂತಿ ಕೊಡಬೇಕೆಂದನು. (ಮೈಸೂರು ಸೀಮೆಯ ಅಮೃತಮಹಲ್ ದನಗಳ ಕಾವಲುಗಳು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಬೇರೆಬೇರೆಯಾಗಿದ್ದುದು ನೆನಪಾಗದಿರದು, ಆದರೆ ಆ ದನಗಳನ್ನು ಸಾಕಿದ್ದು ಮಾಂಸಕ್ಕಲ್ಲ, ನೊಗಕ್ಕೆ.)

ಇನ್ನು ಹುಲ್ಲು ಮಾಂಸವಾಗುವ ಪರಿ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ನಾಲಗೆಯನ್ನು ಸುತ್ತಿ, ಸೆಳೆದು, ಅರೆಬರೆ ಅಗಿದು ನುಂಗುತ್ತದೆ. ನಾಲ್ಕು ಕೋಣೆಗಳ ಜಠರದಲ್ಲಿ ಮೊದಲನೆಯದಾದ ರೂಮೆನ್, ನೂರು ಲೀಟರಿಗೂ ಮಿಕ್ಕಿ ಹಿಡಿಯುವ, ಸುಮಾರು 39 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಆಮ್ಲಜನಕ ಇಲ್ಲವೆನ್ನುವಷ್ಟು ವಿರಳವಾದ ಒಂದು ಹುಳಿಗಡಿಗೆ. ನಾರನ್ನು ಕರಗಿಸುವ ಶಕ್ತಿ ದನಕ್ಕಿಲ್ಲ. ಅದು ಈ ಗಡಿಗೆಯಲ್ಲಿ ನೆಲಸಿದ, ಒಂದು ಮಿಲಿಲೀಟರಿನಲ್ಲಿಯೇ ನೂರಾರು ಕೋಟಿ ಸಂಖ್ಯೆಯ ಬ್ಯಾಕ್ಟೀರಿಯಗಳದು. ಅವು ನಾರನ್ನು ಹುಳಿಸಿ ಹೊರಬಿಡುವ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳೇ ದನದ ನಿಜವಾದ ಊಟ. ಕಡೆಗೆ ಆ ಸೂಕ್ಷ್ಮಜೀವಿಗಳೂ ನಾಲ್ಕನೆಯ ಕೋಣೆಗೆ ಇಳಿದು ಜೀರ್ಣವಾಗುತ್ತವೆ. ಸಸ್ಯಾಹಾರಿಯೆಂದು ನಾವು ಹೊಗಳುವ ಪ್ರಾಣಿ ತನ್ನ ಹೊಟ್ಟೆಯೊಳಗಿನ ಮಂದೆಯನ್ನೇ ಭಕ್ಷಿಸುತ್ತದೆಂಬುದು ಸೃಷ್ಟಿಯ ವಿನೋದಗಳಲ್ಲೊಂದು.

ಈ ಗಡಿಗೆ ಅತಿಯಾಗಿ ಹುಳಿಯದಂತೆ ಕಾಪಾಡುವುದು ಮೆಲುಕು. ದಿನಕ್ಕೆ ಆರೇಳು ಗಂಟೆ ಮೆಲುಕು ಹಾಕುವ ದನ ನೂರು ಲೀಟರಿನಷ್ಟು ಜೊಲ್ಲನ್ನು ನುಂಗುತ್ತದೆ. ಅದರಲ್ಲಿರುವುದು ನಮ್ಮ ಅಡಿಗೆಯ ಸೋಡಾ. ಅಮೆರಿಕದ ಫೀಡ್‌ಲಾಟುಗಳಲ್ಲಿ ದನಗಳನ್ನು ಕೂಡಿಹಾಕಿ ಬೇಗ ಕೊಬ್ಬಿಸಲೆಂದು ಮೆಕ್ಕೆಜೋಳವನ್ನು ಸುರಿದಾಗ, ಮೆಲುಕಿಗೆ ನಾರು ಸಾಲದೆ, ಜೊಲ್ಲು ಕಡಿಮೆಯಾಗಿ, ಪಿಷ್ಟ ಥಟ್ಟನೆ ಹುಳಿದು, ಆಮ್ಲದಿಂದ ರೂಮೆನ್ನಿನ ಗೋಡೆ ಹುಣ್ಣಾಗಿ, ಬ್ಯಾಕ್ಟೀರಿಯಗಳು ನೆತ್ತರಿಗಿಳಿದು ಯಕೃತ್ತಿನಲ್ಲಿ ಕೀವುಗಟ್ಟುವುದುಂಟು. ಹುಲ್ಲುಂಡ ದನದ ಕೊಬ್ಬು ಕ್ಯಾರೊಟೀನಿನಿಂದ ಹಳದಿಯಾಗಿರುತ್ತದೆ. ಇದನ್ನು ಮುಪ್ಪಿನ ಗುರುತೆಂದು ಹೀಗಳೆಯುವ ಗಿರಾಕಿಗಳೂ ಇದ್ದಾರೆ. ಆದರೆ ಹುಲ್ಲಿನ ಪಕ್ಷವಹಿಸುವವರು ಒಂದನ್ನು ಮರೆಮಾಚಬಾರದು: ಗಾವಲಿನ ದನ ತೂಕಕ್ಕೆ ಬರಲು ಹೆಚ್ಚು ತಿಂಗಳು ಹಿಡಿಯುವುದರಿಂದ ಅಷ್ಟೂ ಕಾಲ ಮೀಥೇನನ್ನು ತೇಗುತ್ತದೆ, ಕಿಲೋ ಮಾಂಸದ ಲೆಕ್ಕದಲ್ಲಿ ಆ ಅನಿಲ ಸಾಮಾನ್ಯವಾಗಿ ಹೆಚ್ಚೇ.

ಹೊಟ್ಟೆಯನ್ನು ಅರಿತಷ್ಟೇ ಕಣ್ಣನ್ನೂ ಅರಿಯಬೇಕೆಂದು ತೋರಿಸಿದವರು ಅಮೆರಿಕದ ಟೆಂಪಲ್ ಗ್ರ್ಯಾಂಡಿನ್. ಆಟಿಸಂ ಇದ್ದು, ಮಾತಿಗಿಂತ ಚಿತ್ರಗಳಲ್ಲಿಯೇ ಆಲೋಚಿಸುವ ಈ ವಿದುಷಿ, ದನ ಏಕೆ ಹೆಜ್ಜೆ ಕೀಳದೆಂಬ ಪ್ರಶ್ನೆಯನ್ನು ಅದರ ನೋಟದ ಎತ್ತರಕ್ಕೆ ತಾವೇ ಬಗ್ಗಿ ಪರೀಕ್ಷಿಸಿದರು. ಕಣ್ಣುಗಳು ಪಕ್ಕದಲ್ಲಿರುವುದರಿಂದ ದನಕ್ಕೆ ಬೆನ್ನ ಹಿಂದಿನ ಒಂದು ಕಿರುಭಾಗವುಳಿದು ಸುತ್ತಲೂ ಕಾಣುತ್ತದೆ. ಮನುಷ್ಯನು ಒಂದು ಗಡಿಯೊಳಕ್ಕೆ ಬಂದೊಡನೆ ಸರಿಯುತ್ತದೆ. ಅವನು ಅದರ ಭುಜದ ಹಿಂದೆ ನಿಂತರೆ ಮುಂದಕ್ಕೂ, ಭುಜದ ಮುಂದೆ ನಿಂತರೆ ಹಿಂದಕ್ಕೂ ನಡೆಯುತ್ತದೆ. ಇಷ್ಟನ್ನು ಬಲ್ಲ ದನಗಾಹಿಗೆ ಕೋಲು, ವಿದ್ಯುತ್ತಿನ ಚುಚ್ಚು, ಕೂಗಾಟ ಬಹುಮಟ್ಟಿಗೆ ಬೇಡವಾಗುತ್ತವೆ. ಬಾಗಿ ಬಾಗಿ ಸಾಗುವ ಓಣಿಗಳನ್ನು ಅವರು ಕಸಾಯಿಖಾನೆಗಳಿಗೂ ರಚಿಸಿಕೊಟ್ಟರು. ಕೊಲ್ಲುವುದಕ್ಕೆ ಸಾಕಿದ ಪ್ರಾಣಿಯನ್ನು ಕಡೆಯ ಗಳಿಗೆಯಲ್ಲಿ ಹೆದರಿಸುವ ಹಕ್ಕೂ ನಮಗಿದೆಯೆಂದು ಭಾವಿಸುವವರೊಡನೆ ನಾನು ವಾದಿಸಲಾರೆ. ಅಂತಹ ಓಣಿಗಳಲ್ಲಿ ದನವನ್ನು ಕಟ್ಟಿಹಾಕಿದಂತೆ ನಿಲ್ಲಿಸುತ್ತಿದ್ದುದು ಬಹಳ ಸಲ ತೀರ ಅಲ್ಪವಾದ ವಸ್ತು: ಬೇಲಿಯ ಮೇಲೆ ಯಾರೋ ಮರೆತ ಒಂದು ಅಂಗಿ, ನೆಲದ ಮೇಲೆ ಬಿದ್ದ ಒಂದು ನೆರಳಿನ ಗೆರೆ, ತೂಗಾಡುವ ಒಂದು ಸರಪಳಿಯ ತುಂಡು. ಅದನ್ನು ತೆಗೆದರೆ ದನ ತಾನಾಗಿಯೇ ನಡೆಯುತ್ತದೆ.