ನಿಂತಲ್ಲಿಂದ ಜಗ್ಗುವ ಬಲ

ಹುಬ್ಬಳ್ಳಿಯ ನವನಗರದಲ್ಲಿ ಮನೆ ಮಾಡಿ ಹಿತ್ತಲಲ್ಲಿ ನಾಲ್ಕು ಗಿಡ ಬೆಳೆಸಹೊರಟವರಿಗೆ ಮೊದಲ ತೊಡಕು ಮಣ್ಣಿನದು. ಹುಬ್ಬಳ್ಳಿ ಸೀಮೆಯ ಎರೆಮಣ್ಣು ಹತ್ತಿ, ಕಡಲೆ, ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು. ಕುಂಡದಲ್ಲಿ ಮಾತ್ರ ಅದು ನೀರಿಗೆ ಉಬ್ಬಿ ಅಂಟಾಗುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ, ಬೇರಿಗೆ ಗಾಳಿಯಾಡಲು ಬಿಡುವುದಿಲ್ಲ. ಹೀಗಾಗಿ ಮಸಾರಿ ಮಣ್ಣು, ಉಸುಕು, ತಿಪ್ಪೆಗೊಬ್ಬರ, ಎರೆಗೊಬ್ಬರ ಎಲ್ಲವೂ ಹೊರಗಿನಿಂದಲೇ ಬರಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಹೋದವರು ಸಸಿಗಳ ಜೊತೆ ಗೊಬ್ಬರದ ಚೀಲವನ್ನೂ ತರುತ್ತಾರೆ. ಮನೆಯ ಮುಂದೆ ಕಟ್ಟೆ ಕಟ್ಟುವವರು ಸಿಮೆಂಟು, ಟೈಲ್ಸು, ಕಡಪಾ ಕಲ್ಲು ತರುತ್ತಾರೆ. ಒಂದೆರಡು ಚೀಲಕ್ಕೆ ಯಾರೂ ಬಾಡಿಗೆ ಗಾಡಿ ಕರೆಯುವುದಿಲ್ಲ, ಮನೆಯ ಕಾರಿನ ಡಿಕ್ಕಿಯನ್ನೇ ತೆರೆಯುತ್ತಾರೆ.

ಈ ಸರಕು ಕಣ್ಣಿಗೆ ಕಂಡದ್ದಕ್ಕಿಂತ ಭಾರ. ಒಂದು ಲೀಟರ್ ಒಣ ಮಣ್ಣು ಸುಮಾರು ಒಂದೂಕಾಲು ಕಿಲೋ ತೂಗಿದರೆ, ಅಷ್ಟೇ ಒಣ ಉಸುಕು ಒಂದೂವರೆ ಕಿಲೋ ದಾಟುತ್ತದೆ. ಮಳೆ ಬಿದ್ದ ಮೇಲಂತೂ ಎರಡೂ ಇನ್ನಷ್ಟು ಭಾರ. ಸಿಮೆಂಟಿನ ಚೀಲ 50 ಕಿಲೋ, ನಾಲ್ಕು ಚೀಲವೆಂದರೆ ಮೂವರು ದೊಡ್ಡವರ ತೂಕ. ಇಷ್ಟು ಹೇರಿಕೊಂಡ ಸಣ್ಣ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಕಾರು, ಗೇಟಿನ ಇಳಿಜಾರನ್ನು ಹತ್ತುವಾಗ ಎಂಜಿನ್ ಒದರುವುದಿಲ್ಲ, ಕ್ಲಚ್ ಸುಟ್ಟ ವಾಸನೆ ಬರುವುದಿಲ್ಲ. ಎಷ್ಟೋ ಸಲ ಎಂಜಿನ್ ಹೊತ್ತಿಕೊಂಡೇ ಇರುವುದಿಲ್ಲ. ಈ ಬಲ ಎಲ್ಲಿಂದ ಬಂತು? ಇದನ್ನು ಕಂಡುಕೊಂಡ ಕತೆಗೆ ನೂರಿಪ್ಪತ್ತು ವರ್ಷ ದಾಟಿದೆ. ಅದರ ಒಂದು ಅಧ್ಯಾಯ ನಮ್ಮ ಹುಬ್ಬಳ್ಳಿಯಲ್ಲೇ ಇದೆ.

ಪೆಟ್ರೋಲ್ ಎಂಜಿನ್ನಿಗೆ ಹುಟ್ಟಿನಿಂದಲೇ ಒಂದು ದೌರ್ಬಲ್ಯವಿದೆ. ಅದು ನಿಂತಲ್ಲಿಂದ ಜಗ್ಗಲಾರದು. ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿದ್ದರಷ್ಟೇ ಅದು ಜೀವಂತ, ಸಾವಿರಾರು ಸುತ್ತು ತಿರುಗಿದಾಗಲೇ ಅದಕ್ಕೆ ಪೂರ್ತಿ ಬಲ. ನಿಂತ ಚಕ್ರಕ್ಕೂ ತಿರುಗುವ ಎಂಜಿನ್ನಿಗೂ ಗಂಟು ಹಾಕಲೆಂದೇ ಕ್ಲಚ್ಚು, ಗೇರುಪೆಟ್ಟಿಗೆ ಬಂದವು. ವಿದ್ಯುತ್ ಮೋಟಾರಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ತಿರುಗುಬಲ, ಅಂದರೆ ಟಾರ್ಕ್, ಮೊದಲ ಸುತ್ತಿಗೂ ಮುಂಚೆಯೇ ಪೂರ್ತಿ ಸಿಗುತ್ತದೆ. ಭಾರದ ಗಾಡಿಗೆ ಅತಿ ಹೆಚ್ಚು ಬಲ ಬೇಕಾಗುವುದೂ ಹೊರಡುವ ಆ ಗಳಿಗೆಯಲ್ಲೇ.

ಇದನ್ನು ಬಲು ಬೇಗ ಮನಗಂಡವರಲ್ಲಿ ಫರ್ಡಿನಾಂಡ್ ಪೋರ್ಷೆ ಒಬ್ಬರು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ವಿಯೆನ್ನಾದ ಲೋನರ್ ಕಂಪನಿ ಅವರು ರೂಪಿಸಿದ ವಿದ್ಯುತ್ ಗಾಡಿಯನ್ನು ಇಟ್ಟಾಗ ಅವರಿಗೆ ವಯಸ್ಸು 24. ಗಾಲಿಯ ಗುಂಬದಲ್ಲೇ ಮೋಟಾರು ಕೂತಿತ್ತು, ಗೇರು ಇರಲಿಲ್ಲ. ಆದರೆ ಸೀಸದ ಬ್ಯಾಟರಿಯೇ ನೂರಾರು ಕಿಲೋ. ಗಾಡಿ ತನ್ನ ಬ್ಯಾಟರಿಯನ್ನು ಹೊರುವುದರಲ್ಲೇ ಸುಸ್ತಾಗುತ್ತಿತ್ತು. ಪೋರ್ಷೆ ಬ್ಯಾಟರಿಯನ್ನು ಕಿರಿದು ಮಾಡಿ, ಡೈನಮೊ ತಿರುಗಿಸಲು ಎರಡು ಸಣ್ಣ ಪೆಟ್ರೋಲ್ ಎಂಜಿನ್ ಕೂರಿಸಿದರು. ಎಂಜಿನ್ ವಿದ್ಯುತ್ ಹುಟ್ಟಿಸಬೇಕು, ಮೋಟಾರು ಜಗ್ಗಬೇಕು ಎಂಬ ಕೆಲಸದ ಹಂಚಿಕೆ ಹೀಗೆ ಕಾರಿಗೆ ಬಂತು. ಮೊದಲ ಮಹಾಯುದ್ಧದ ಹೊತ್ತಿಗೆ ಅವರು ಇದೇ ಉಪಾಯದಿಂದ ಭಾರೀ ಫಿರಂಗಿಗಳನ್ನು ಎಳೆಯುವ ಗಾಡಿಸಾಲುಗಳನ್ನು ಕಟ್ಟಿದರು. ಹೈಬ್ರಿಡ್ ಎಂದರೆ ಪೆಟ್ರೋಲ್ ಉಳಿಸುವ ಯಂತ್ರ ಎಂದು ನಾವು ಇಂದು ತಿಳಿದಿದ್ದೇವೆ. ಅದರ ಬಾಲ್ಯ ಮಾತ್ರ ಹೇರು ಎಳೆಯುವುದರಲ್ಲಿ ಕಳೆದದ್ದು.

ಕಾರುಗಳು ಆ ದಾರಿಯನ್ನು ಬಿಟ್ಟುಕೊಟ್ಟವು. 1908ರಲ್ಲಿ ಫೋರ್ಡಿನ ಅಗ್ಗದ ಮಾಡೆಲ್ ಟಿ ಬಂತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂದು, ಹ್ಯಾಂಡಲ್ ತಿರುಗಿಸಿ ಕೈಮುರಿದುಕೊಳ್ಳುವ ಕಷ್ಟ ತಪ್ಪಿತು. ಸಣ್ಣದೊಂದು ಮೋಟಾರಿನ ನೆರವಿನಿಂದ ಪೆಟ್ರೋಲ್ ಎಂಜಿನ್ ಗೆದ್ದಿತು, ದೊಡ್ಡ ಮೋಟಾರು ಕಾರಿನಿಂದ ಇಳಿಯಿತು.

ಆದರೆ ಅದು ರೈಲನ್ನು ಏರಿತು. ಸಾವಿರಾರು ಟನ್ನಿನ ಗೂಡ್ಸ್ ರೈಲನ್ನು ನಿಂತಲ್ಲಿಂದ ಎಬ್ಬಿಸಬಲ್ಲ ಕ್ಲಚ್ಚನ್ನು ಮಾಡುವವರು ಯಾರು? ಜನರಲ್ ಎಲೆಕ್ಟ್ರಿಕ್ ಕಂಪನಿಯ ಹರ್ಮನ್ ಲೆಂಪ್, ಎಂಜಿನ್ನಿನ ವೇಗವನ್ನೂ ಜನರೇಟರಿನ ಹೊರೆಯನ್ನೂ ಒಟ್ಟಿಗೆ ಹಿಡಿತಕ್ಕೆ ತರುವ ನಿಯಂತ್ರಣವನ್ನು ಕಂಡುಕೊಂಡರು. 1920ರ ದಶಕದಲ್ಲಿ ಡೀಸೆಲ್-ವಿದ್ಯುತ್ ಲೋಕೋಮೋಟಿವ್‌ಗಳು ಅಮೆರಿಕದ ಹಳಿಗಳ ಮೇಲೆ ಓಡತೊಡಗಿದವು. ಮುಂದಿನ ದಶಕದಲ್ಲಿ ಅವಕ್ಕೆ ಹೊಂದುವ ಗಟ್ಟಿಮುಟ್ಟಾದ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನನ್ನು ಜನರಲ್ ಮೋಟಾರ್ಸ್ ರೂಪಿಸಿತು. ಆ ಸಂಶೋಧನೆಯನ್ನು ಮುನ್ನಡೆಸಿದವರು ಸ್ಟಾರ್ಟರ್ ಕೊಟ್ಟ ಅದೇ ಕೆಟರಿಂಗ್.

ಆ ವಂಶದ ಎಂಜಿನ್ನುಗಳೇ ಹುಬ್ಬಳ್ಳಿಗೆ ಬಂದವು. ಭಾರತೀಯ ರೈಲ್ವೆ ಜನರಲ್ ಮೋಟಾರ್ಸ್ ವಿನ್ಯಾಸದ, 4,000 ಅಶ್ವಶಕ್ತಿಯ ಡಬ್ಲ್ಯೂಡಿಜಿ-4 ಲೋಕೋಮೋಟಿವ್‌ಗಳನ್ನು 1999ರ ಹೊತ್ತಿಗೆ ತರಿಸಿಕೊಂಡಾಗ ಅವಕ್ಕೆ ಮೊದಲ ನೆಲೆಯಾದದ್ದು ಹುಬ್ಬಳ್ಳಿಯ ಡೀಸೆಲ್ ಶೆಡ್. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಬ್ರಗಾಂಜಾ ಘಾಟಿನಲ್ಲಿ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಮುರಗಾಂವ ಬಂದರಿನಿಂದ ತೋರಣಗಲ್ಲಿನ ಕಡೆ ಕಲ್ಲಿದ್ದಲು ಹೊತ್ತ ರೈಲುಗಳು ಆ ಏರು ಹತ್ತುವಾಗ ಹಿಂದೆ ಮುಂದೆ ಎಂಜಿನ್ ಕಟ್ಟುತ್ತಾರೆ. ಅಂಥ ಡೀಸೆಲ್ ಲೋಕೋಮೋಟಿವ್‌ಗಳಲ್ಲಿ ಎಂಜಿನ್ನಿಗೂ ಗಾಲಿಗೂ ನೇರ ನಂಟಿಲ್ಲ. ಎಂಜಿನ್ ವಿದ್ಯುತ್ ಹುಟ್ಟಿಸುತ್ತದೆ, ಅಚ್ಚಿನ ಮೇಲಿನ ಮೋಟಾರುಗಳು ಜಗ್ಗುತ್ತವೆ. ಅಮರಗೋಳ ನಿಲ್ದಾಣದ ಬಳಿ ನಿಂತು ಇಂಥ ಗೂಡ್ಸ್ ರೈಲು ನಿಧಾನವಾಗಿ ಹೊರಡುವುದನ್ನು ನೋಡಿದವರು ಹೈಬ್ರಿಡ್ಡಿನ ಅರ್ಧ ರಹಸ್ಯವನ್ನು ಆಗಲೇ ಕಂಡಂತಾಯಿತು.

ಉಳಿದರ್ಧ ಬ್ಯಾಟರಿಯದು. ಘಾಟು ಇಳಿಯುವಾಗ ಡೀಸೆಲ್ ಲೋಕೋಮೋಟಿವಿನ ಮೋಟಾರುಗಳು ಜನರೇಟರುಗಳಾಗಿ ಬದಲಾಗಿ ರೈಲನ್ನು ತಡೆಯುತ್ತವೆ. ಆಗ ಹುಟ್ಟುವ ವಿದ್ಯುತ್ತನ್ನು ಇಟ್ಟುಕೊಳ್ಳಲು ಜಾಗವಿಲ್ಲ. ಅದನ್ನು ರೋಧಕಗಳಲ್ಲಿ ಕಾಯಿಸಿ ಗಾಳಿಗೆ ಬಿಡುತ್ತಾರೆ. ಕಾರಿನವರು ಹಿಡಿಯಲು ಹೊರಟದ್ದು ಹೀಗೆ ಪೋಲಾಗುವ ಶಕ್ತಿಯನ್ನೇ.

ಅಮೆರಿಕದ ಟಿಆರ್‌ಡಬ್ಲ್ಯೂ ಕಂಪನಿಯ ಬರೂಕ್ ಬರ್ಮನ್, ಜಾರ್ಜ್ ಗೆಲ್ಬ್ ಮತ್ತು ನೀಲ್ ರಿಚರ್ಡ್‌ಸನ್ ಅವರಿಗೆ 1971ರಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಎಂಜಿನ್ನಿನ ಬಲವನ್ನು ಗ್ರಹಗೇರಿನಿಂದ, ಅಂದರೆ ನಡುವಿನ ಚಕ್ರದ ಸುತ್ತ ಸಣ್ಣ ಚಕ್ರಗಳು ಗ್ರಹಗಳಂತೆ ಸುತ್ತುವ ಗೇರಿನಿಂದ, ಎರಡು ದಾರಿಗೆ ಒಡೆದು, ಒಂದನ್ನು ಗಾಲಿಗೂ ಇನ್ನೊಂದನ್ನು ಜನರೇಟರಿಗೂ ಕಳಿಸುವ ಉಪಾಯ ಅದರಲ್ಲಿತ್ತು. ಅದೇ ದಶಕದಲ್ಲಿ ವಿಕ್ಟರ್ ವೋಕ್ ಎಂಬ ಎಂಜಿನಿಯರ್ ಬ್ಯೂಯಿಕ್ ಕಾರೊಂದನ್ನು ಹೈಬ್ರಿಡ್ಡಾಗಿ ಮಾರ್ಪಡಿಸಿ 1974ರಲ್ಲಿ ಅಮೆರಿಕದ ಪರಿಸರ ಸಂಸ್ಥೆಯ ಪರೀಕ್ಷೆಗೆ ಒಡ್ಡಿದರು. ಯೋಜನೆ ಮುಂದುವರಿಯಲಿಲ್ಲ. ಉಪಾಯ ಕೈಯಲ್ಲಿತ್ತು, ಆದರೆ ಅದನ್ನು ಕ್ಷಣಕ್ಷಣಕ್ಕೂ ಆಳಬಲ್ಲ ಗಣಕವಾಗಲಿ, ಹಗುರ ಬ್ಯಾಟರಿಯಾಗಲಿ ಆಗಿನ್ನೂ ಬಂದಿರಲಿಲ್ಲ.

1993ರಲ್ಲಿ ಜಪಾನಿನ ಟೊಯೋಟಾ 21ನೇ ಶತಮಾನದ ಕಾರಿಗಾಗಿ ಜಿ21 ಎಂಬ ಯೋಜನೆ ಶುರುಮಾಡಿತು. ಮರುವರ್ಷ ಅದರ ಮುಖ್ಯ ಎಂಜಿನಿಯರ್ ಆದ ತಾಕೇಶಿ ಉಚಿಯಾಮಾದ ಅದುವರೆಗೆ ಯಾವ ಹೊಸ ಕಾರಿನ ತಂಡವನ್ನೂ ಮುನ್ನಡೆಸಿರಲಿಲ್ಲ. ಅವರ ಅನುಭವವೆಲ್ಲ ಕಾರಿನ ಸದ್ದು, ಅದುರು ತಗ್ಗಿಸುವ ಕೆಲಸದ್ದು. ತಂಡ ಮೈಲೇಜನ್ನು ಒಂದೂವರೆ ಪಟ್ಟು ಮಾಡುವ ಲೆಕ್ಕ ತಂದಾಗ ಮೇಲಧಿಕಾರಿ ಅಕಿಹಿರೊ ವಾಡಾ ಅದು ಸಾಲದು, ಎರಡು ಪಟ್ಟು ಬೇಕೆಂದರು. ಎಂಜಿನ್ನನ್ನು ಎಷ್ಟೇ ತಿದ್ದಿದರೂ ಅಷ್ಟು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ಹೈಬ್ರಿಡ್ ದಾರಿಯೊಂದೇ. ಸುಮಾರು 80 ಬಗೆಯ ಜೋಡಣೆಗಳನ್ನು ಪರಿಶೀಲಿಸಿ, ಗಣಕದಲ್ಲಿ ಸೋಸಿ ನಾಲ್ಕಕ್ಕೆ ತಂದರು. 1995ರ ಬೇಸಿಗೆಯಲ್ಲಿ ಒಂದನ್ನು ಆರಿಸಿದರು. ಅದು ಗ್ರಹಗೇರಿನ ಜೋಡಣೆಯೇ ಆಗಿತ್ತು.

ಆ ವರ್ಷದ ನವೆಂಬರಿನಲ್ಲಿ ಮೊದಲ ಮಾದರಿ ಕಾರು ಸಿದ್ಧವಾಯಿತು, ಆದರೆ ಕದಲಲಿಲ್ಲ. ದೋಷ ಯಂತ್ರದಲ್ಲಿದೆಯೋ, ತಂತಿಯಲ್ಲಿದೆಯೋ, ಗಣಕದ ಕಟ್ಟಳೆಯಲ್ಲಿದೆಯೋ ಎಂದು ತಂಡ 49 ದಿನ ಹುಡುಕಿತು. ಕೊನೆಗೆ ಕಾರು ಕೆಲವು ನೂರು ಮೀಟರ್ ಓಡಿ ನಿಂತಿತು. ಅಲ್ಲಿಂದ ಎರಡು ವರ್ಷ ಬಿಸಿಗೂ ಚಳಿಗೂ ಸೋಲುತ್ತಿದ್ದ ಬ್ಯಾಟರಿಯನ್ನು, ಸುಟ್ಟುಹೋಗುತ್ತಿದ್ದ ಸೆಮಿಕಂಡಕ್ಟರುಗಳನ್ನು ಮತ್ತೆ ಮತ್ತೆ ಮಾಡಿದರು. ಕ್ಯೋಟೋದಲ್ಲಿ ಹವಾಮಾನ ಸಮ್ಮೇಳನ ಸೇರಿದ 1997ರ ಡಿಸೆಂಬರಿನಲ್ಲಿ ಆ ಕಾರು ಪ್ರಿಯಸ್ ಎಂಬ ಹೆಸರಿನಲ್ಲಿ ಜಪಾನಿನ ರಸ್ತೆಗಿಳಿಯಿತು.

ಅದರ ಹೃದಯದಲ್ಲಿದ್ದ ಗ್ರಹಗೇರನ್ನು ನಮ್ಮ ರೈತರಿಗೆ ನೊಗದ ಮೂಲಕ ಹೇಳಬಹುದು. ಜೋಡಿ ಎತ್ತುಗಳಲ್ಲಿ ಒಂದು ಬಡವಾಗಿದ್ದರೆ ನೊಗದ ಮಧ್ಯದ ಕಟ್ಟನ್ನು ಬಲವಾದ ಎತ್ತಿನ ಕಡೆಗೆ ಸರಿಸುತ್ತಾರೆ. ಆಗ ಭಾರ ಸಮಪಾಲಾಗದೆ ಅಳತೆಯಂತೆ ಹಂಚಿಹೋಗುತ್ತದೆ. ಪ್ರಿಯಸ್ಸಿನ ಗೇರಿನಲ್ಲಿ ಹೊರಬಳೆಗೆ 78 ಹಲ್ಲು, ನಡುವಿನ ಚಕ್ರಕ್ಕೆ 30 ಹಲ್ಲು. ಆ ಅಳತೆಯಿಂದಾಗಿ ಎಂಜಿನ್ನಿನ ತಿರುಗುಬಲದಲ್ಲಿ ಯಾವಾಗಲೂ ಶೇ 72ರಷ್ಟು ಗಾಲಿಯ ಕಡೆಗೆ, ಶೇ 28ರಷ್ಟು ಜನರೇಟರಿನ ಕಡೆಗೆ ಹೋಗುತ್ತದೆ. ಜನರೇಟರಿನ ವೇಗ ಬದಲಿಸಿದರೆ ಸಾಕು, ಎಂಜಿನ್ನಿಗೂ ಗಾಲಿಗೂ ನಡುವಿನ ಅನುಪಾತ ಬದಲಾಗುತ್ತದೆ. ಕ್ಲಚ್ಚೂ ಬೇಡ, ಗೇರು ಬದಲಿಸುವ ಕೆಲಸವೂ ಇಲ್ಲ. ಎಂಜಿನ್ನನ್ನು ಕೂಡ ಅಟ್ಕಿನ್‌ಸನ್ ಮಾದರಿಗೆ ಬದಲಿಸಿದರು. ಅದು ಇಂಧನವನ್ನು ಚೆನ್ನಾಗಿ ಹಿಂಡುತ್ತದೆ, ಆದರೆ ಕೆಳವೇಗದಲ್ಲಿ ಬಲ ಕಡಿಮೆ. ಆ ಕೊರತೆಯನ್ನು ಮೋಟಾರು ತುಂಬಿತು.

ಈ ಯಂತ್ರ ಕರ್ನಾಟಕಕ್ಕೆ ಬಂದದ್ದು ಬಿಡದಿಯ ದಾರಿಯಲ್ಲಿ. ಅಲ್ಲಿ ಕಾರ್ಖಾನೆ ಇರುವ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾದದ್ದೂ 1997ರಲ್ಲೇ. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರು ಕಬ್ಬಿಣದ ನೇಗಿಲನ್ನು ತಯಾರಿಸಿ ಈ ಭಾಗದ ರೈತರಿಗೆ ಒಪ್ಪಿಸಲು ವರ್ಷಗಟ್ಟಲೆ ಓಡಾಡಿದ್ದರು. ಬಿಡದಿಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು. 2022ರಲ್ಲಿ ಮಧ್ಯಮ ವರ್ಗದ ಕೈಗೆಟುಕುವತ್ತ ಬಂದ ಹೈರೈಡರ್ ಮತ್ತು ಗ್ರಾಂಡ್ ವಿಟಾರಾ ಕಾರುಗಳು ಅಲ್ಲಿಂದಲೇ ಹೊರಬಂದವು. ಅವುಗಳ ಹೈಬ್ರಿಡ್ ಮಾದರಿಯಲ್ಲಿ ಒಂದೂವರೆ ಲೀಟರಿನ ಎಂಜಿನ್ನಿನ ತಿರುಗುಬಲ 122 ನ್ಯೂಟನ್-ಮೀಟರ್, ಮೋಟಾರಿನದು 141. ಅಂದರೆ ಈ ಜೋಡಿಯಲ್ಲಿ ಗಟ್ಟಿ ಎತ್ತು ಮೋಟಾರೇ.

ಮಣ್ಣಿನ ಚೀಲ ಹೇರುವವರಿಗೆ ಇದರಿಂದ ಮೂರು ಸಂಗತಿ ತಿಳಿಯಬೇಕು. ಒಂದು, ಭಾರ ಹೊತ್ತು ಹೊರಡುವುದು ಈ ಕಾರಿಗೆ ಸುಲಭ. ಉಣಕಲ್ಲು, ಭೈರಿದೇವರಕೊಪ್ಪದ ದಟ್ಟಣೆಯಲ್ಲಿ ನಿಂತು ನಿಂತು ಹೊರಡುವಾಗ ಇದರ ಗುಣ ಎದ್ದು ಕಾಣುತ್ತದೆ. ಎರಡು, ಹೇರು ಕಟ್ಟಿಕೊಂಡು ಧಾರವಾಡದಿಂದ ಹುಬ್ಬಳ್ಳಿ ಕಡೆಗೆ ಬರುವುದು ಇಳಿಜಾರಿನ ದಾರಿ. ಒಂದೂವರೆ ಟನ್ ತೂಕದ ಗಾಡಿ 50 ಮೀಟರ್ ಕೆಳಗಿಳಿದರೆ ಸುಮಾರು 0.2 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿ, ಟೈರುಗಳ ಪಾಲು ಕಳೆದು ಉಳಿದದ್ದರಲ್ಲಿ ಒಂದಂಶವನ್ನು ಬ್ಯಾಟರಿ ಹಿಡಿಯುತ್ತದೆ. ಘಾಟಿನ ಲೋಕೋಮೋಟಿವ್ ಗಾಳಿಗೆ ಬಿಟ್ಟ ಶಕ್ತಿ ಇಲ್ಲಿ ಮುಂದಿನ ಸಿಗ್ನಲ್ಲಿನಲ್ಲಿ ಕೆಲಸಕ್ಕೆ ಬರುತ್ತದೆ. ಮೂರು, ಬ್ಯಾಟರಿ ಸಣ್ಣದು. ಯಲ್ಲಾಪುರದಾಚೆಯ ಅರಬೈಲು ಘಾಟಿಯಂಥ ಉದ್ದನೆಯ ಏರಿನಲ್ಲಿ ಅದು ಬರಿದಾಗಿ ಎಂಜಿನ್ನೇ ದುಡಿಯಬೇಕಾಗುತ್ತದೆ. ಅಲ್ಲದೆ ಗ್ರಹಗೇರಿನ ಕಾರಿನಲ್ಲಿ ಹಿಮ್ಮುಖ ಓಟ ಪೂರ್ತಿ ಮೋಟಾರಿನದು, ಅದಕ್ಕೆ ಬೇರೆ ಹಲ್ಲುಚಕ್ರವಿಲ್ಲ. ಆದ್ದರಿಂದ ಭಾರವಿದ್ದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಿಸುವ ಬದಲು ಮುಮ್ಮುಖವಾಗಿ ಹತ್ತಿಸುವುದೇ ಲೇಸು.

ಜಗ್ಗುವ ಬಲ ಬೇರೆ, ಹೊರುವ ಬಲ ಬೇರೆ. ಪೋರ್ಷೆಯಿಂದ ಉಚಿಯಾಮಾದವರೆಗೆ ಎಲ್ಲರೂ ಹುಡುಕಿದ್ದು ಮೊದಲನೆಯದನ್ನು. ಎರಡನೆಯದನ್ನು ನಿರ್ಧರಿಸುವುದು ಸ್ಪ್ರಿಂಗು, ಟೈರು, ಬ್ರೇಕು. ಹಲವು ಹೈಬ್ರಿಡ್ ಕಾರುಗಳಲ್ಲಿ ಬ್ಯಾಟರಿ ಹಿಂದೆಯೇ ಕೂತಿರುವುದರಿಂದ ಡಿಕ್ಕಿ ಪೆಟ್ರೋಲ್ ಮಾದರಿಗಿಂತ ಕಿರಿದು, ಹೊರಬಹುದಾದ ತೂಕದಲ್ಲೂ ಒಂದು ಪಾಲು ಆಗಲೇ ಖರ್ಚಾಗಿರುತ್ತದೆ. ಮೋಟಾರು ಸದ್ದಿಲ್ಲದೆ ಎಳೆಯುತ್ತದೆ ಎಂಬ ಕಾರಣಕ್ಕೆ ಹೊರೆ ಹೆಚ್ಚಿದ್ದು ಚಾಲಕನಿಗೆ ತಿಳಿಯದೇ ಹೋಗಬಹುದು. ಹಳೆಯ ಕಾರಿನ ಎಂಜಿನ್ ಒದರಿ ಕೊಡುತ್ತಿದ್ದ ಎಚ್ಚರಿಕೆಯನ್ನು ಇದರಲ್ಲಿ ನಾವೇ ಲೆಕ್ಕ ಹಾಕಿ ಪಡೆಯಬೇಕು.

ಹೈಬ್ರಿಡ್ ಕಾರಿನಲ್ಲಿ ಮಣ್ಣು, ಸಿಮೆಂಟು ತರುವ ಎಲ್ಲರಿಗೂ ನನ್ನ ಕೋರಿಕೆ ಇಷ್ಟು. ಕೈಪಿಡಿಯಲ್ಲಿರುವ ಗರಿಷ್ಠ ತೂಕವನ್ನು ನೋಡಿಕೊಂಡು, ಕೂತವರ ತೂಕ ಕಳೆದು ಉಳಿದಷ್ಟೇ ಹೇರಿ. ಬಾಗಿಲ ಕಂಬದ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬರೆದಿರುವಷ್ಟು ಗಾಳಿಯನ್ನು ಟೈರಿಗೆ ತುಂಬಿಸಿ. ಚೀಲಗಳನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ, ತಗ್ಗಿನಲ್ಲಿ ಇಟ್ಟು ಬಿಗಿಯಿರಿ. ಬ್ಯಾಟರಿಗೆ ಗಾಳಿ ಹೋಗುವ ಜಾಲರಿಯನ್ನು ಚೀಲದಿಂದ ಮುಚ್ಚಬೇಡಿ, ಅದರ ಬಳಿ ಮಣ್ಣಿನ ಧೂಳಾಗಲಿ ಹಸಿ ಗೊಬ್ಬರದ ನೀರಾಗಲಿ ಬೀಳದಂತೆ ಕೆಳಗೆ ತಾಡಪತ್ರಿ ಹಾಸಿ. ಗರಿಷ್ಠ ತೂಕಕ್ಕೂ ಮೀರಿದ ಸರಕನ್ನು ಬಾಡಿಗೆಯ ಗೂಡ್ಸ್ ಗಾಡಿಯವರಿಗೆ ಕೊಡಿ, ಹೊರುವುದಕ್ಕೆಂದೇ ಕಟ್ಟಿದ ಗಾಡಿ ಅವರದು.