ಪೊಟೊಸಿಯ ರಜತಗಿರಿ

ಬೊಲಿವಿಯಾ ದೇಶದ ಪೊಟೊಸಿ ನಗರದ ಬೆನ್ನಿಗೆ ನಿಂತಿರುವ ‘ಸೆರೊ ರೀಕೊ’ ಎಂಬ ಬೆಳ್ಳಿಬೆಟ್ಟವನ್ನು 1545ರಲ್ಲಿ ದಿಯೆಗೊ ಹುವಾಲ್ಪನೆಂಬ ಆ ನಾಡಿನ ಮೂಲನಿವಾಸಿ ಅಕಸ್ಮಾತ್ತಾಗಿ ಕಂಡುಹಿಡಿದನೆಂಬ ಕಥೆಯಲ್ಲಿ ಸತ್ಯವೆಷ್ಟು ಎಂದು ವಾಚಕರೊಬ್ಬರು ಕೇಳಿದ್ದಾರೆ. ಚಳಿ ಕಾಯಿಸಲು ಹೊತ್ತಿಸಿದ ಬೆಂಕಿಗೆ ನೆಲದ ಬೆಳ್ಳಿ ಕರಗಿ ಹರಿಯಿತೆಂಬುದು ಆ ಕಥೆಯ ಒಂದು ರೂಪ. ಆದರೆ ಬೆಳ್ಳಿ ಕರಗಲು ಸುಮಾರು 962 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕೆಂಬುದನ್ನೂ, 4,000 ಮೀಟರಿಗೂ ಎತ್ತರದ ಆ ನೆಲೆಯಲ್ಲಿ ಗಾಳಿ ಎಷ್ಟು ವಿರಳವೆಂಬುದನ್ನೂ ನೆನೆದರೆ ಈ ವೃತ್ತಾಂತವನ್ನು ನಾನಂತೂ ನಂಬಲಾರೆ.

ಇದಕ್ಕಿಂತ ವಿಶ್ವಾಸಾರ್ಹವಾದ ಸಾಕ್ಷ್ಯ ದೊರೆತದ್ದು ಸಮೀಪದ ಲಗೂನಾ ಲೊಬಾತೊ ಎಂಬ ಸರೋವರದ ಕೆಸರಿನಲ್ಲಿ. ಮಾರ್ಕ್ ಆಬಟ್ ಮತ್ತು ಅಲೆಕ್ಸಾಂಡರ್ ವುಲ್ಫ್ ಎಂಬ ವಿಜ್ಞಾನಿಗಳು ಆ ಕೆಸರಿನ ಪದರಗಳನ್ನು ಪರೀಕ್ಷಿಸಿ, ಸ್ಪೇನಿನವರಿರಲಿ, ಇಂಕಾ ಅರಸರೂ ಅಲ್ಲಿಗೆ ಬರುವ ಮೊದಲೇ ಸಂಚಯವಾದ ಪದರಗಳಲ್ಲಿ ಸೀಸ ಮೊದಲಾದ ಲೋಹಗಳ ಅಂಶ ಏರಿದ್ದುದನ್ನು 2003ರಲ್ಲಿ ಪ್ರಕಟಿಸಿದರು. ಬೆಳ್ಳಿಗೂ ಸೀಸಕ್ಕೂ ಏನು ಸಂಬಂಧ? ಬೆಳ್ಳಿಯ ಅದಿರನ್ನು ಸೀಸದ ಅದಿರಿನೊಡನೆ ಕಾಸಿದರೆ ಕರಗಿದ ಸೀಸವು ಬೆಳ್ಳಿಯನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಅದಕ್ಕೆ ಮತ್ತೆ ಗಾಳಿಯೂದಿ ಕಾಸಿದಾಗ ಸೀಸ ಆಮ್ಲಜನಕದೊಡನೆ ಕೂಡಿ ಬೇರ್ಪಡುತ್ತದೆ, ಬೆಳ್ಳಿ ಉಳಿಯುತ್ತದೆ. ಹೊಗೆಯೊಡನೆ ಹಾರಿದ ಸೀಸವೇ ಸರೋವರದ ತಳ ಸೇರಿದುದು.

ಈ ವಿದ್ಯೆಯ ಸಾಧನ ‘ವಾಯ್ರಾ’ ಎಂಬ ಪುಟ್ಟ ಮಣ್ಣಿನ ಕುಲುಮೆ. ಮೈತುಂಬ ರಂಧ್ರಗಳಿದ್ದ ಅದನ್ನು ಗಾಳಿ ಬೀಸುವ ಏಣುಗಳ ಮೇಲಿಟ್ಟು, ಲಾಮಾ ಪ್ರಾಣಿಯ ಒಣಗಿದ ಹಿಕ್ಕೆಯನ್ನು ಉರುವಲಾಗಿ ಬಳಸುತ್ತಿದ್ದರು. ಸ್ಪೇನಿನವರ ತಿದಿಗಳು ಸೋತಲ್ಲಿ ಇವು ಗೆದ್ದವು. ಇರುಳಿನಲ್ಲಿ ಬೆಟ್ಟದ ಇಳಿಜಾರೆಲ್ಲ ಕಾರ್ತಿಕದ ದೀಪೋತ್ಸವದಂತೆ ಬೆಳಗುತ್ತಿತ್ತಂತೆ. ಗಾಳಿಯ ದಿಕ್ಕು, ಅದಿರಿನ ಬಣ್ಣ, ಸೀಸದ ಪ್ರಮಾಣ ಇವುಗಳನ್ನರಿತು ನಡೆಸಿದ ಈ ಕೆಲಸವನ್ನು ವಿಜ್ಞಾನವೆಂದು ಕರೆಯಲು ನನಗೆ ಸಂಕೋಚವಿಲ್ಲ.

ಮೇಲ್ಪದರದ ಸಮೃದ್ಧ ಅದಿರು ತೀರಿದಾಗ ಕುಲುಮೆಗಳ ಕಾಲವೂ ಮುಗಿಯಿತು. ಬಾರ್ತೊಲೊಮೆ ದೆ ಮೆದಿನಾ ಮೆಕ್ಸಿಕೊದಲ್ಲಿ ರೂಢಿಸಿದ್ದ ಪಾದರಸದ ವಿಧಾನ ವೈಸ್‌ರಾಯ್ ತೊಲೆದೊನ ಆಳ್ವಿಕೆಯಲ್ಲಿ, 1572ರ ಸುಮಾರಿಗೆ, ಪೊಟೊಸಿಗೆ ಬಂದಿತು. ಪುಡಿಮಾಡಿದ ಅದಿರಿಗೆ ಉಪ್ಪು, ಪಾದರಸ ಬೆರೆಸಿ, ಬೆಳ್ಳಿಯನ್ನು ಹೀರಿದ ಪಾದರಸವನ್ನು ಬಟ್ಟೆಯಲ್ಲಿ ಹಿಂಡಿ ಕಾಸಿದರೆ ಪಾದರಸ ಆವಿಯಾಗಿ ಬೆಳ್ಳಿ ಉಳಿಯುತ್ತಿತ್ತು. ಪಾದರಸವೇನೋ ಪೆರುವಿನ ಹುವಾಂಕವೆಲಿಕಾದಿಂದ ಬಂದಿತು. ಕೈಯಾಳುಗಳು ಬಂದದ್ದು ‘ಮಿತಾ’ ಎಂಬ ಒತ್ತಾಯದ ಸರದಿ ದುಡಿಮೆಯಿಂದ, ಹೆಂಡಿರು ಮಕ್ಕಳೊಡನೆ ದೂರದೂರದ ಹಳ್ಳಿಗಳನ್ನು ತೊರೆದು.

ಈಗಲೂ ಬೆಟ್ಟದೊಳಗೆ ಸಹಕಾರಿ ಸಂಘಗಳ ಕಾರ್ಮಿಕರು ಸತು, ಸೀಸ, ತವರ, ಬೆಳ್ಳಿಗಳ ಅದಿರನ್ನು ಅಗೆಯುತ್ತಿದ್ದಾರೆ. ಸುರಂಗದಲ್ಲಿ ಬೆನ್ನು ಬಾಗಿಸಿ ನಡೆವ ಪ್ರವಾಸಿಗೆ ಕಾಣುವುದು ಕೋಕಾ ಎಲೆಯನ್ನು ದವಡೆಯಲ್ಲಿ ಉಬ್ಬುವಂತೆ ತುಂಬಿಕೊಂಡ ಮುಖಗಳು, ಬಾಯಲ್ಲಿ ಸಿಗರೇಟಿಟ್ಟು ಪೂಜಿಸಲ್ಪಡುವ, ಕೊಂಬುಳ್ಳ ‘ಎಲ್ ತಿಯೊ’ ಎಂಬ ಪಾತಾಳದೊಡೆಯನ ಮೂರ್ತಿ. 1987ರಲ್ಲಿ ಈ ನಗರವನ್ನು ವಿಶ್ವಪರಂಪರೆಯ ತಾಣವೆಂದು ಮನ್ನಿಸಿದ ಯುನೆಸ್ಕೊ, ಶಿಖರದ ಕುಸಿತಕ್ಕಾಗಿ 2014ರಲ್ಲಿ ಅದನ್ನು ಅಪಾಯದ ಪಟ್ಟಿಗೆ ಸೇರಿಸಿತು. ಆದರೆ ಬೇರೆ ಜೀವನೋಪಾಯವಿಲ್ಲದೆ ಆ ಸುರಂಗಗಳನ್ನೇ ನಂಬಿದವರ ಶ್ವಾಸಕೋಶದಲ್ಲಿ ಕೂಡುತ್ತಿರುವ ಸಿಲಿಕಾ ಧೂಳಿನ ವಿಷಯವೂ ಶಿಖರದ ವಿಷಯದಷ್ಟೇ ತುರ್ತಿನದೆಂದು ನಾನು ತಿಳಿಯುತ್ತೇನೆ.